ಪಾರ್ಟಿ ಇರುವ ಕಾಲೇಜು

ಪ್ರೀತಿಯ ಅನಘಾ,

‘ಮಂಗಳೂರಿನ ನಿಮ್ಮ ಕಾಲೇಜಲ್ಲಿ ಪಾರ್ಟಿ ಜಾಸ್ತಿಯಾ ಅಣ್ಣ? ನಾನು ಪುತ್ತೂರಲ್ಲೇ ಸೇರುದಾ?’ ಎಂದು ಕೇಳಿದ್ದೀಯಲ್ಲ. ರೂಮಿನಲ್ಲಿ ಯಾವಾಗಲೂ ಜನ, ಫೋನಿನಲ್ಲಿ ಹೇಳಲಾಗಲಿಲ್ಲ.

ಹೌದು, ಜಾಸ್ತಿ. ಹೈಸ್ಕೂಲಿನಿಂದ ಹಾಸ್ಟೆಲಿನಲ್ಲಿದ್ದರೂ ಫ್ರೆಶರ್ಸ್ ಪಾರ್ಟಿಯಲ್ಲಿ ಎಲ್ಲರೂ ಕುಣಿಯುವಾಗ ನನಗೆ ಏನು ಮಾಡುವುದೆಂದು ತಿಳಿಯಲಿಲ್ಲ. ಟೆನ್ಶನ್‌ನಲ್ಲಿ, ಪಂಜದ ನಮ್ಮ ಮನೆಯ ಪೂಜೆಯೂಟದ ಹಾಗೆ, ಪಲಾವಿನ ಪಾತ್ರೆ ಎತ್ತಿಕೊಂಡು ಬಡಿಸತೊಡಗಿದೆ.

‘ಎಂತ ಮಾರಾಯ, ಕ್ಯಾಟರಿಂಗಿನವನಾ?’ ಎಂದು ಸೀನಿಯರ್ ಅಕ್ಷಿತ್ ನಗಾಡಿದ.

ಈಗ ಪ್ರತಿ ಪಾರ್ಟಿಗೂ ಕರೆಯುತ್ತಾರೆ, ಬಡಿಸಲಿಕ್ಕೆ. ಎಲ್ಲರೂ ಪಾರ್ಟಿಗೆ ಹೋದ ಮೇಲೆ ರೂಮಿನಲ್ಲಿ ಒಬ್ಬನೇ ಕೂತರೆ ಓದು ತಲೆಗೆ ಹತ್ತುವುದಿಲ್ಲ, ಹಾಗಾಗಿ ಹೋಗುತ್ತೇನೆ. ಚಿಕ್ಕಪ್ಪನಿಗೆ ಹೇಳಬೇಡ.

ಯಾವ ಕಾಲೇಜು ಬೇಕೆಂದು ಆಪ್ಷನ್ ಹಾಕುವ ಮೊದಲು ಒಂದು ಶನಿವಾರ ಬಂದು ನೀನೇ ನೋಡು. ನೀನು ಇಲ್ಲಿ ಸೇರಿದರೆ ನನಗೆ ಮಾತಾಡಲಿಕ್ಕೆ ಒಬ್ಬರಾಗುತ್ತಾರೆ. ಅದಕ್ಕೇ ಈ ವಿಷಯದಲ್ಲಿ ನನ್ನ ಸಲಹೆ ಕೇಳಬೇಡ.

ನಿನ್ನ ಉತ್ತರಕ್ಕೆ ಕಾಯುವ
ವಿಷ್ಣಣ್ಣ