ಅವ್ವನ ಗಾಂಧಾರ

೧೮ ಜೂನ್ ೨೦೨೪, ಮಂಗಳವಾರ. ಮಾರ್ಕಯನ್‌ಕೋಟ್ಟೈ.

ಆ ರೀಡನ್ನು ನಾನು ಅರದಿಂದ ಉಜ್ಜಬಾರದಿತ್ತು.

ಅಪ್ಪನ ಹಾರ್ಮೋನಿಯಂನ ಸ್ವರಗಳನ್ನು ಒಂದು ತಿಂಗಳಿಂದ ಅಳೆಯುತ್ತಿದ್ದೆ. ನನ್ನ ಜ್ಯಾಮಿತೀಯ ಬೀಜಗಣಿತದಲ್ಲಿ ಪ್ರತಿ ಸ್ವರಾಂತರವೂ ಒಂದು ಬಾಣ. ಎರಡು ಬಾಣಗಳು ಸೇರಿ ಒಂದು ಹಾಳೆ ಹಾಸುತ್ತವೆ; ಮೂರನೆಯದು ಅದೇ ಹಾಳೆಯ ಮೇಲೆ ಮಲಗಿದರೆ ಘನಫಲ ಸೊನ್ನೆ, ಅಂದರೆ ಸ್ವರ ಸರಿ. ಎಲ್ಲವೂ ಮಲಗಿದವು. ನಡು ಸಪ್ತಕದ ಗಾಂಧಾರ ಮಾತ್ರ ತುಸು ತಗ್ಗಿ, ಹಾಳೆಯಿಂದ ಹೊರಗೆ ನಿಂತಿತ್ತು. ದಿಂಡಿಗಲ್ ಕಾಲೇಜಿನಲ್ಲಿ ದಿನವೂ ಗಣಿತದ ತಪ್ಪು ತಿದ್ದುವ ಕೈ ಇದು, ಸುಮ್ಮನಿರಲಿಲ್ಲ. ಬೆಳಿಗ್ಗೆ ಆ ಸ್ವರದ ಹಿತ್ತಾಳೆ ರೀಡಿನ ತುದಿ ಉಜ್ಜಿ ಸ್ವರ ಏರಿಸಿದೆ. ಅಳತೆ ಬರೆದಿಟ್ಟ ಪುಸ್ತಕದಲ್ಲಿದ್ದ ಹಳೆಯ ಅಂಕಿಯನ್ನು ರಬ್ಬರಿನಿಂದ ಅಳಿಸಿ ಹೊಸದನ್ನು ಬರೆದೆ. ಸೊನ್ನೆ ಬಂತು. ಖುಷಿಯೂ ಆಯಿತು, ನಾಚಿಕೆಗೇಡು.

ಮಧ್ಯಾಹ್ನ ದ್ರಾಕ್ಷಿ ತೋಟದಿಂದ ಬಂದ ಅಪ್ಪ ಒಂದೇ ಸಲ ನುಡಿಸಿ ಕೈ ತೆಗೆದ.

“ಏನ್ ಮಾಡ್ದೆ, ಕಣ್ಣು?”

“ಗಾಂಧಾರ ತಪ್ಪಾಗಿತ್ತಪ್ಪಾ. ಸರಿ ಮಾಡ್ದೆ.”

“ತಪ್ಪಿಲ್ಲ ಮಾ. ನಿಮ್ಮವ್ವನ ಕೊರಲು ಅಲ್ಲೇ ನಿಲ್ತಿತ್ತು. ಅವಳು ಬಜನೆ ಪಾಡುವಾಗ ಸೇರ್ಲಿ ಅಂತ ನಾನೇ ಈ ಸೊರಾನ ಇಳ್ಸಿ ಇಟ್ಟಿದ್ದೆ.”

ಬೈಯಲಿಲ್ಲ. ಹಾರ್ಮೋನಿಯಂ ಮೇಲೆ ಬಟ್ಟೆ ಹೊದಿಸಿದ, ಆರು ವರ್ಷದ ಹಿಂದೆ ಅವ್ವನಿಗೆ ಕೊನೆಯ ಬಟ್ಟೆ ಹೊದಿಸಿದ ಹಾಗೆಯೇ.

ರೀಡಿನ ಬುಡ ಕೆರೆದರೆ ಸ್ವರ ಮತ್ತೆ ಇಳಿಯುತ್ತದೆ. ಎಷ್ಟಕ್ಕೆ? ಅಳಿಸಿದ ಅಂಕಿ ನೆನಪಿಗೆ ಬರುತ್ತಿಲ್ಲ. ಅವ್ವನ ದನಿಯನ್ನು ಯಾರೂ ರೆಕಾರ್ಡ್ ಮಾಡಿಟ್ಟಿಲ್ಲ. ಆಗಿನಿಂದ ನಾನೇ ಗುನುಗಿ ನೋಡುತ್ತಿದ್ದೇನೆ, ಅವಳು ನಿಲ್ಲುತ್ತಿದ್ದ ಜಾಗ ಸಿಕ್ಕೀತೆಂದು.

ಪ್ರತಿ ಸಲವೂ ಸರಿಯಾದ ಗಾಂಧಾರವೇ ಬರುತ್ತಿದೆ.