ಮೇಘು ದಾಟದ ಅಧ್ಯಾಯ

ಅಮ್ಮಾ,

ಪಾಪು ಈಗಷ್ಟೇ ಮಲಗಿದ್ದಾನೆ. ಮಗು ಮಲಗಿದಾಗ ತಾಯಿಯೂ ಮಲಗಿಬಿಡಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನು ಕಣ್ಣು ಮುಚ್ಚಿದರೆ ನಿದ್ದೆ ಬರುವುದಿಲ್ಲ, ನಿನಗೆ ಹೇಳಬೇಕಾದ ಮಾತುಗಳು ಬರುತ್ತವೆ. ರಾತ್ರಿಯೆಲ್ಲ ಮನಸ್ಸಿನಲ್ಲೇ ಹೇಳಿ ಹೇಳಿ ಸಾಕಾಯಿತು. ಬರೆದೇಬಿಡೋಣ ಎಂದು ಕುಳಿತೆ. ನೀನು ಓದುತ್ತೀಯೋ ಇಲ್ಲವೋ... ಕನ್ನಡಕ ಎಲ್ಲಿಟ್ಟೆ ಎಂದು ಮನೆಯನ್ನೆಲ್ಲ ತಲೆಕೆಳಗು ಮಾಡುವ ಕಷ್ಟವಂತೂ ಈಗ ನಿನಗಿಲ್ಲ.

ಪಾಪು ಹುಟ್ಟಿದ ದಿನ ಆಸ್ಪತ್ರೆಯಿಂದ ಫೋನ್ ಮಾಡಿದ್ದು ನೆನಪಿದೆಯಾ? ಅವನ ಬಾಯಿಯ ಹತ್ತಿರ ಫೋನ್ ಹಿಡಿದೆ, ಅವನು ಕಿರುಚಿದ, ನೀನು ಅಲ್ಲಿ ನಕ್ಕೆ. ಅಷ್ಟರಲ್ಲಿ ನರ್ಸ್ ಬಂದು ಲೋಟದ ತುಂಬ ಐಸ್ ಹಾಕಿದ ನೀರು ತಂದಿಟ್ಟಳು. ಬಾಯಿ ತಪ್ಪಿ ನಿನಗೆ ಹೇಳಿಬಿಟ್ಟೆ. "ಐಸ್ ನೀರಾ! ಹಸಿ ಬಾಣಂತಿಗಾ! ವಾಣೀ, ಅವಳ ಕೈಗೆ ಫೋನ್ ಕೊಡು, ನಾನು ಮಾತಾಡ್ತೀನಿ" ಎಂದೆ. ಮಂಡ್ಯದ ಹೈಸ್ಕೂಲಿನಲ್ಲಿ ಅಷ್ಟು ವರ್ಷ ವಿಜ್ಞಾನ ಹೇಳಿಕೊಟ್ಟವಳು ನೀನು, ಬಾಣಂತನದ ಮಾತು ಬಂದರೆ ವಿಜ್ಞಾನವನ್ನು ಕ್ಲಾಸ್‌ರೂಮಿನಲ್ಲೇ ಬಿಟ್ಟು ಬರುತ್ತಿದ್ದೆ. ನಿನ್ನ ವೀಸಾ ಆಗಿತ್ತು, ಟಿಕೆಟ್ ಆಗಿತ್ತು, ಅಂಟಿನುಂಡೆಗೆ ಅಂಟು ಕೂಡ ಹುರಿದಿಟ್ಟಿದ್ದೆ. ಇವನೇ ಡಾಕ್ಟರ್ ಹೇಳಿದ ದಿನಕ್ಕಿಂತ ಮೊದಲೇ ಬಂದುಬಿಟ್ಟ. "ಅವನಿಗೆ ಅವಸರ, ನಾನೇನು ಮಾಡ್ಲಿ. ನಾನು ಬರೋವರೆಗೂ ತಲೆಗೆ ಕಟ್ಟಿರೋ ಬಟ್ಟೆ ಬಿಚ್ಚಬೇಡ, ಆಯ್ತಾ?" ಎಂದೆ. ಆಯ್ತು ಎಂದೆ ನಾನು. ನಮ್ಮಿಬ್ಬರ ಮಾತು ಅಲ್ಲಿಗೆ ನಿಂತಿದೆ.

ಮರುವಾರ ನಿನ್ನ ಅಳಿಯ ಶ್ರೀಧರ್ ಊಟದ ಡಬ್ಬಿಯನ್ನು ಬಿಚ್ಚದೆ ಮಧ್ಯಾಹ್ನದ ಟ್ರೇನಿಗೇ ವಾಪಸ್ಸು ಬಂದರು. ನ್ಯೂಯಾರ್ಕಿನಲ್ಲಿ ಅವರು ಕಾಂಟ್ರಾಕ್ಟಿಗೆ ಹೋಗುತ್ತಿದ್ದ ಬ್ಯಾಂಕು ಅವರಿದ್ದ ಮಹಡಿಯನ್ನೇ ಖಾಲಿ ಮಾಡಿ ಎಲ್ಲರನ್ನೂ ಕೆಲಸದಿಂದ ತೆಗೆದಿತ್ತು. ನಿನಗೆ ಗೊತ್ತಲ್ಲ, ಇಲ್ಲಿ ಅವರು ಇರುವುದು ಕೆಲಸದ ಮೇಲೆ, ನಾನಿರುವುದು ಅವರ ವೀಸಾದ ಮೇಲೆ. ದೇಶದಿಂದ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬಿಡುವ ಖಾತ್ರಿಯಿಲ್ಲ, ಒಳಗೇ ಇದ್ದರೆ ಎಷ್ಟು ದಿನ ಎನ್ನುವುದು ಗೊತ್ತಿಲ್ಲ. ಹೊರಗೆ ಹಿಮ, ಒಳಗೆ ಹೀಟರ್, ತಲೆಗೆ ನೀನು ಹೇಳಿದ ಬಟ್ಟೆ. ಕಿಟಕಿಯಾಚೆ ಪಾರ್ಕಿಂಗ್ ಲಾಟಿನಲ್ಲಿ ಶ್ರೀಧರ್ ಕಾರಿನೊಳಗೆ ಕುಳಿತು ಗಂಟೆಗಟ್ಟಲೆ ಫೋನಿನಲ್ಲಿ ಮಾತಾಡುತ್ತಿದ್ದರು. ಒಳಗೆ ಬಂದಾಗ ಅವರ ಕಣ್ಣು ಕೆಂಪಾಗಿರುತ್ತಿತ್ತು. ಲಾಯರ್ ಏನಂದರು ಎಂದು ಕೇಳುತ್ತಿದ್ದೆ. "ನೋಡೋಣ ಅಂದ್ರು" ಎನ್ನುತ್ತಿದ್ದರು. ಕೆಲಸ ಹೋದ ಮನೆಯಲ್ಲಿ ಗಂಡಸಿನ ಮುಖ ಬಾಡಿದ್ದರೆ ಬೇರೆ ಕಾರಣವನ್ನು ಯಾರು ಹುಡುಕುತ್ತಾರೆ ಹೇಳು?

ಅಣ್ಣನಿಗೆ ಫೋನ್ ಮಾಡಿದಾಗಲೆಲ್ಲ ಒಂದೊಂದು ಸಲ ಒಂದೊಂದು ನೆಪ. "ಅಮ್ಮನಿಗೆ ವೈರಲ್ ಫೀವರ್ ಕಣೆ, ಗಂಟಲು ಪೂರ್ತಿ ಕಟ್ಟಿದೆ." "ಈಗ ತಾನೇ ಮಾತ್ರೆ ತಗೊಂಡು ಮಲಗಿದ್ರು." "ಫ್ಲೈಟ್ ಬೇಡ ಅಂದಿದಾರೆ ಡಾಕ್ಟ್ರು, ಟಿಕೆಟ್ ಮುಂದಕ್ಕೆ ಹಾಕಿದೀವಿ." ಹಿಂದಿನಿಂದ ಅತ್ತಿಗೆಯ ಸದ್ದಿಲ್ಲ, ಟೀವಿಯ ಸದ್ದೂ ಇಲ್ಲ. ನನಗೆ ಅನುಮಾನ ಬರಲಿಲ್ಲವೇ ಎಂದು ನೀನು ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದು ಸಲ, ಪಾಪುವಿನ ಬಟ್ಟೆ ಮಡಚುತ್ತಿದ್ದಾಗ ಏನೋ ಒಂದು ಎದೆಯವರೆಗೂ ಬಂದಿತ್ತು. ಆಮೇಲೆ ಪಾಪು ಅತ್ತ...

ನಿನ್ನ ಜಾಗದಲ್ಲಿ ನನ್ನ ಬಾಣಂತನ ಮಾಡಿದ್ದು ಎದುರು ಬಿಲ್ಡಿಂಗಿನ ಸುಮಿತ್ರಾ ಆಂಟಿ, ಉಡುಪಿ ಕಡೆಯವರು. ಮೊದಲ ದಿನ ಮೆಣಸಿನ ಸಾರು ತಂದಾಗ ನಾನು ಮುಖ ಕಿವುಚಿದೆ. "ಎಂತಾಯ್ತು?" ಎಂದರು. "ಸಾರಿಗೆ ಬೆಲ್ಲ ಹಾಕಿದೀರಲ್ಲ ಆಂಟಿ!" ಎಂದೆ. "ನಿಮ್ಮ ಮಂಡ್ಯದವರಿಗೆ ಕಬ್ಬು ಬೆಳೀಲಿಕ್ಕೆ ಮಾತ್ರ ಗೊತ್ತು, ತಿನ್ನಲಿಕ್ಕೆ ಗೊತ್ತಿಲ್ಲ ಮಾರಾಯ್ತಿ" ಎಂದು ಮೈಗೆ ಎಣ್ಣೆ ಹಚ್ಚಿದರು. ಒಮ್ಮೊಮ್ಮೆ ಹಚ್ಚುತ್ತಾ ಹಚ್ಚುತ್ತಾ ಅವರ ಕೈ ಬೆನ್ನ ಮೇಲೆ ಸುಮ್ಮನೆ ನಿಂತುಬಿಡುತ್ತಿತ್ತು. ಅವರಿಗೂ ಗೊತ್ತಿತ್ತು, ಅಮ್ಮ. ಈ ಕಾಂಪ್ಲೆಕ್ಸಿನಲ್ಲಿರುವ ನಮ್ಮವರಿಗೆಲ್ಲ ಗೊತ್ತಿತ್ತು.

ಮೇಘು ಲೈಬ್ರರಿಯಿಂದ ಆ ಪುಸ್ತಕ ತಂದದ್ದು ಆ ದಿನಗಳಲ್ಲೇ. ನಿನ್ನ ಮೊಮ್ಮಗಳೀಗ ನಾಲ್ಕನೇ ಕ್ಲಾಸು, ಇತಿಹಾಸದ ಕಾದಂಬರಿಯೊಂದನ್ನು ಓದಬೇಕೆಂದು ಟೀಚರ್ ಹೇಳಿದ್ದರು. ಹಳೆಯ ನ್ಯೂಯಾರ್ಕಿನಲ್ಲಿ ಹಳದಿ ಜ್ವರದ ಪಿಡುಗು ಬಂದಾಗಿನ ಕತೆ. ಹ್ಯಾನಾ ಎಂಬ ಹುಡುಗಿ, ಅವಳಪ್ಪ ಹಡಗುಕಟ್ಟೆಯ ಹತ್ತಿರ ಹಗ್ಗ ಹೊಸೆಯುವವನು. ಉಳ್ಳವರು ಊರು ಬಿಟ್ಟು ಓಡುತ್ತಾರೆ, ಇಲ್ಲದವರು ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾರೆ. ಕುತ್ತಿಗೆಗೆ ಕರ್ಪೂರದ ಗಂಟು ಕಟ್ಟಿಕೊಂಡು, ಮೂಗಿಗೆ ವಿನೆಗರ್ ಬಟ್ಟೆ ಹಿಡಿದುಕೊಂಡು ಓಡಾಡುತ್ತಾರೆ. ನಮ್ಮ ಪಾಪುವಿನ ಕೈಯಲ್ಲಿದ್ದ ಬಜೆ ಬೇರಿನ ಬಳೆಯನ್ನು ತೋರಿಸಿ ಮೇಘು, "ಮಾಮ್, ಸೇಮ್ ಥಿಂಗ್!" ಎಂದಳು. ಇನ್ನೊಂದು ದಿನ ಪುಸ್ತಕದ ಮ್ಯಾಪ್ ಹಿಡಿದುಕೊಂಡು ಬಂದು, "ಡ್ಯಾಡಿ, ಹ್ಯಾನಾ ಮನೆ ನಿಮ್ಮ ಆಫೀಸ್ ಹತ್ರಾನೇ. ಎವ್ರಿಬಡಿ ಲೆಫ್ಟ್!" ಎಂದಳು. "ಈಗಲೂ ಅಲ್ಲಿ ಅದೇ ಕತೆ ಪುಟ್ಟ" ಎಂದು ಶ್ರೀಧರ್ ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕದ್ದು.

ಅರ್ಧದಲ್ಲಿ ಮೇಘು ನಿಂತುಬಿಟ್ಟಳು. ಒಂದು ವಾರದಲ್ಲಿ ಎರಡು ಪುಸ್ತಕ ಮುಗಿಸುವ ಹುಡುಗಿ ಆ ಒಂದೇ ಅಧ್ಯಾಯವನ್ನು ಮತ್ತೆ ಮತ್ತೆ ಓದುತ್ತಾಳೆ, ಮುಂದಿನ ಪುಟ ತಿರುಗಿಸುವುದಿಲ್ಲ. ಕೊಡುವ ದಿನ ಬಂದರೆ ರಿನ್ಯೂ ಮಾಡಿಸು ಎನ್ನುತ್ತಾಳೆ. ಏನಿದೆ ಅದರಲ್ಲಿ ಎಂದು ನಾನೇ ಓದಿ ನೋಡಿದೆ. ಹ್ಯಾನಾಳ ಅಪ್ಪ ಜ್ವರದಲ್ಲಿ ಹೋಗಿಬಿಡುತ್ತಾನೆ. ಅಮ್ಮ ಅದೇ ಜ್ವರದಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿರುತ್ತಾಳೆ. ಕೆಟ್ಟ ಸುದ್ದಿ ಕೇಳಿದರೆ ಜ್ವರ ಮರುಕಳಿಸುತ್ತದೆ ಎಂದು ವೈದ್ಯ ಹೆದರಿಸಿದ್ದಕ್ಕೆ ಹ್ಯಾನಾ ದಿನವೂ ಸುಳ್ಳು ಹೇಳುತ್ತಾಳೆ. ಅಪ್ಪ ಆಸ್ಪತ್ರೆಯಲ್ಲಿ ರೋಗಿಗಳಿಗೆ ಗಂಜಿ ಬೇಯಿಸುತ್ತಿದ್ದಾನೆ, ಬರುತ್ತಾನೆ ಎಂದು. ಪಾಪ, ಮಕ್ಕಳಿಗೆ ಇಂಥದ್ದನ್ನೆಲ್ಲ ಯಾಕೆ ಓದಿಸುತ್ತಾರೋ ಎಂದುಕೊಂಡೆ. ಕಾದಂಬರಿ ತಂದ ಕೂಡಲೇ ನೀನು ಕೊನೆಯ ಪುಟ ನೋಡಿಬಿಡುತ್ತಿದ್ದೆಯಲ್ಲ, ಯಾರು ಬದುಕಿರುತ್ತಾರೆ ಎಂದು ಮೊದಲು ತಿಳಿದುಕೊಂಡರೆ ನೆಮ್ಮದಿಯಾಗಿ ಓದಬಹುದು ಎಂದು? ಹಾಗೆ ಮಾಡು ಎಂದು ಅವಳಿಗೂ ಹೇಳಿದೆ. "ನೋ!" ಎಂದು ಪುಸ್ತಕ ಕಿತ್ತುಕೊಂಡಳು.

ಒಂದು ಮಧ್ಯಾಹ್ನ ಅವಳು ಸ್ಕೂಲಿನಿಂದ ಬಂದಾಗ ಸೋಫಾದಲ್ಲಿ ಕುಳಿತು ಪಾಪುಗೆ ಹಾಲು ಕೊಡುತ್ತಿದ್ದೆ. "ಬಾ ಮೇಘು, ಇಬ್ಬರೂ ಸೇರಿ ಓದೋಣ. ಹ್ಯಾನಾ ಅಮ್ಮನಿಗೆ ಯಾವಾಗ ಹೇಳ್ತಾಳೆ ನೋಡೋಣ" ಎಂದೆ.

"ಶೀ ಕಾಂಟ್ ಟೆಲ್ ಹರ್."

"ಯಾಕೆ? ಅವರಮ್ಮನಿಗೆ ಗೊತ್ತಾಗೋದು ಬೇಡ್ವಾ?"

"ಹೇಳಿದ್ರೆ ಹಾಲು ನಿಂತುಹೋಗತ್ತೆ."

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಆ ಮಾತನ್ನು ಅಚ್ಚ ಕನ್ನಡದಲ್ಲಿ, ಯಾರೋ ದೊಡ್ಡವರು ಹೇಳಿದ ಹಾಗೆ ಹೇಳಿದಳು. ಹ್ಯಾನಾಳ ಅಮ್ಮನಿಗೆ ಎಳೆ ಮಗುವೇ ಇಲ್ಲ, ಅಮ್ಮ. ಆ ಪುಸ್ತಕದಲ್ಲಿ ಯಾರೂ ಹಾಲು ಕೊಡುವುದಿಲ್ಲ.

"ಯಾರ ಹಾಲು, ಮೇಘು?"

ಅವಳು ಪಾಪುವನ್ನು ನೋಡಿದಳು, ನನ್ನನ್ನು ನೋಡಿದಳು. "ಐ ಪ್ರಾಮಿಸ್ಡ್ ಡ್ಯಾಡಿ" ಎಂದಳು.

"ಅಜ್ಜಿನಾ?" ಎಂದೆ. ನನ್ನ ಬಾಯಿಗೆ ಅದೇ ಯಾಕೆ ಬಂತು? ಅವಳು ಹೌದೆಂದು ತಲೆಯಾಡಿಸಿದಳು.

ಆ ದಿನ ಶ್ರೀಧರ್ ಹೇಳಿದ ಮೇಲೆ ಎಲ್ಲ ತಿಳಿಯಿತು. ಆ ಪುಸ್ತಕ ತಂದ ಸಂಜೆಯೇ, ಮೇಘುವನ್ನು ಲೈಬ್ರರಿಯಿಂದ ಮನೆಗೆ ಕರೆತರುವಾಗ ಅವರಿಗೆ ಅಣ್ಣನ ಫೋನ್ ಬಂದಿತ್ತು. ಡ್ರೈವ್ ಮಾಡುತ್ತಿದ್ದುದರಿಂದ ಸ್ಪೀಕರ್ ಹಾಕಿದ್ದರು. ನಿನ್ನ ಎದೆ ಬೆಳಗಿನ ಕಾಫಿ ಮುಗಿಯುವ ಮುಂಚೆ ನಿಂತುಹೋಗಿತ್ತಂತೆ. "ಹಸಿ ಬಾಣಂತಿಗೆ ಸಾವಿನ ಸುದ್ದಿ ಹೇಳಬೇಡಿ, ಹಾಲು ನಿಂತುಹೋಗತ್ತೆ. ಮೂರು ತಿಂಗಳು ತುಂಬಲಿ" ಎಂದು ಅಣ್ಣ ಅಳುತ್ತಾ ಹೇಳುವಾಗ ಹಿಂದಿನ ಸೀಟಿನಲ್ಲಿ ಮೇಘು, ಮಡಿಲಲ್ಲಿ ಆ ಪುಸ್ತಕ. "ಹೇಳಿ ಏನು ಮಾಡಲಿ ವಾಣಿ?" ಎಂದರು ಶ್ರೀಧರ್. "ಪಾಪುಗೆ ಪಾಸ್‌ಪೋರ್ಟ್ ಇಲ್ಲ, ನಿನ್ನನ್ನ ಕಳಿಸಿದ್ರೆ ವಾಪಸ್ ಬರೋ ಹಾಗಿಲ್ಲ. ನಾಲ್ಕು ಗೋಡೆ ಮಧ್ಯ ಕೂರಿಸಿ ಅಳಿಸಲಾ?" ನನಗೆ ಕೋಪ ಬರಬೇಕಿತ್ತು. ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಗ್ಲಾಸು ಏರಿಸಿಕೊಂಡು ಅವರೊಬ್ಬರೇ ನಿನಗಾಗಿ ಅತ್ತಿದ್ದರು ಎಂದು ಗೊತ್ತಾದಾಗ ಕೋಪವನ್ನು ಎಲ್ಲಿಂದ ತರಲಿ?

ಸುದ್ದಿ ಕಿವಿಗೆ ಬಿದ್ದ ಕೂಡಲೇ ತಲೆಗೆ ಸ್ನಾನ ಮಾಡಬೇಕು ಎಂದು ನೀನೇ ಹೇಳಿಕೊಟ್ಟದ್ದು. ನಮ್ಮಜ್ಜಿ ಹೋದಾಗ ಹಿತ್ತಲ ನಲ್ಲಿಯಡಿ ಸೀರೆ ಸಮೇತ ಕುಳಿತಿದ್ದೆಯಲ್ಲ, ಹಾಗೆಯೇ ನಾನು ಇಲ್ಲಿ ಶವರ್ ಕೆಳಗೆ ಉಟ್ಟ ಬಟ್ಟೆಯಲ್ಲೇ ಕುಳಿತೆ. ತಲೆಯ ಬಟ್ಟೆ ಬಿಚ್ಚಿದೆ. ನೀನು ಬರುವವರೆಗೂ ಬಿಚ್ಚಬೇಡ ಎಂದಿದ್ದೆ... ನೀರಿನ ಸದ್ದಿನ ನಡುವೆ ಬಾಗಿಲ ಸಂದಿಯಿಂದ ಮೇಘುವಿನ ದನಿ ಬಂತು. "ಮಾಮ್? ಈಸ್ ದ ಮಿಲ್ಕ್ ಓಕೆ?" ನಾನು ನಲ್ಲಿಯನ್ನು ಇನ್ನಷ್ಟು ತಿರುಗಿಸಿದೆ. "ಮಾಮ್, ಪ್ಲೀಸ್ ಜಾಸ್ತಿ ಅಳಬೇಡ. ಸ್ವಲ್ಪ ಅತ್ತರೆ ಏನೂ ಆಗಲ್ಲ ಅನ್ಸತ್ತೆ."

ಆ ಸಂಜೆ ಹಾಲು ಬರಲಿಲ್ಲ. ನಿಜಕ್ಕೂ ಬರಲಿಲ್ಲ. ಪಾಪು ಎಳೆದ, ಬಿಟ್ಟ, ಕೆಂಪಾಗಿ ಕಿರುಚಿದ. ಶ್ರೀಧರ್ ಪುಡಿ ಹಾಲಿನ ಡಬ್ಬ ತರಲು ಓಡಿದರು. ಮೇಘು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಅವಳ ಮುಖ ನೋಡಿದ್ದರೆ ನೀನು... ತಮ್ಮನನ್ನು ತಾನೇ ಕೊಂದುಬಿಟ್ಟೆ ಎಂದುಕೊಂಡ ಮುಖ ಅದು. ಸುಮಿತ್ರಾ ಆಂಟಿ ಬಂದು ನನ್ನನ್ನು ತಬ್ಬಿಕೊಂಡು ಅತ್ತು, ಆಮೇಲೆ ಮೂಗು ಒರೆಸಿಕೊಂಡು ಅವಳಿಗೆ ಹೇಳಿದರು: "ಹಾಲು ಎಲ್ಲಿಗೆ ಹೋಗ್ತದೆ ಮಗಾ? ಅದಕ್ಕೆಂತ ವೀಸಾ ಉಂಟಾ?" ನಮಗೆ ಅಳುವಿನಲ್ಲೂ ನಗು ಬಂತು. ಮೇಘು ನಗಲಿಲ್ಲ. ಅವಳನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಅವಳು ಹೇಳಿದ್ದರಿಂದ ಏನೂ ಆಗಿಲ್ಲ ಎಂದು ಎಷ್ಟು ವಿಧದಲ್ಲಿ ಹೇಳಿದೆನೋ. ಪಾಪು ಬಾಟಲಿ ಹೀರುವುದನ್ನೇ ನೋಡುತ್ತಿದ್ದ ಹುಡುಗಿ ನನ್ನ ಮಾತನ್ನು ಹೇಗೆ ನಂಬಿಯಾಳು?

ಮಾರನೆಯ ಬೆಳಿಗ್ಗೆ ಬ್ಲೌಸ್ ಒದ್ದೆಯಾಗಿ ಎಚ್ಚರವಾಯಿತು. "ಮೇಘು, ಬಾ ಇಲ್ಲಿ" ಎಂದು ಕೂಗಿದೆ. ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದಳು. ಪಾಪುವಿನ ಕೆನ್ನೆಗೆ ಕಿವಿಯಿಟ್ಟು, ಉಸಿರು ಹಿಡಿದು ಕೇಳಿಸಿಕೊಂಡಳು. "ಹೀ ಈಸ್ ಸ್ವಾಲೋಯಿಂಗ್" ಎಂದಳು. ಟೂತ್‌ಪೇಸ್ಟ್ ನೊರೆಯೆಲ್ಲ ನನ್ನ ತೋಳ ಮೇಲೆ. ಆಗ ಅತ್ತಳು ಅಮ್ಮ, ನಿನಗಾಗಿ, ಅಷ್ಟು ದಿನಗಳ ಮೇಲೆ. ಆ ವಾರವೇ ಪುಸ್ತಕ ಮುಗಿಸಿದಳು. ಹ್ಯಾನಾ ಬದುಕುತ್ತಾಳೆ. ಅವಳ ಅಮ್ಮನಿಗೆ ಮೊದಲೇ ಎಲ್ಲ ಗೊತ್ತಿರುತ್ತದೆಯಂತೆ, ಮಗಳು ನೊಂದುಕೊಳ್ಳಬಾರದೆಂದು ಏನೂ ಗೊತ್ತಿಲ್ಲದವಳ ಹಾಗೆ ಇರುತ್ತಾಳಂತೆ. "ಡಿಡ್ ಯು ನೋ, ಮಾಮ್?" ಎಂದಳು. ಇಲ್ಲ ಎಂದೆ. ಅದು ಪೂರ್ತಿ ನಿಜವೋ ಅಲ್ಲವೋ, ನಿನ್ನಾಣೆ ನನಗೆ ಇವತ್ತಿಗೂ ಗೊತ್ತಿಲ್ಲ.

ನಿನ್ನೆ ಸಂಜೆ ಶ್ರೀಧರ್ ಕಂಪ್ಯೂಟರ್ ಮುಚ್ಚಿ ಕುಳಿತಿದ್ದರು. ಕೊನೆಯದಾಗಿ ಉಳಿದಿದ್ದ ಒಂದು ಕಂಪನಿಯವರೂ ಆಗುವುದಿಲ್ಲ ಎಂದಿದ್ದರು. ಇನ್ನು ಇಲ್ಲಿ ಇರುವ ಹಾಗಿಲ್ಲ, ಹೊರಡಬೇಕು. "ಮೇಘುಗೆ ಈಗ್ಲೇ ಹೇಳೋದು ಬೇಡ. ಸ್ಕೂಲ್ ಮುಗೀಲಿ. ಫ್ರೆಂಡ್ಸು, ಬ್ಯಾಂಡು ಅಂತ ಖುಷಿಯಾಗಿದಾಳೆ, ಡಿಸ್ಟರ್ಬ್ ಆಗ್ತಾಳೆ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಿನ್ನ ಸಾವನ್ನು ನನ್ನಿಂದ ಮುಚ್ಚಿಟ್ಟವರದ್ದೂ ಕೆಟ್ಟ ಮನಸ್ಸಲ್ಲ.

"ಇಲ್ಲ ರೀ. ನಾಳೆ ನಾನೇ ಹೇಳ್ತೀನಿ" ಎಂದೆ.

ಇವತ್ತು ಬೆಳಿಗ್ಗೆ ಅವಳು ಸೀರಿಯಲ್ ತಿನ್ನುತ್ತಿದ್ದಾಗ ಹೇಳಿದೆ. ಕೆಲಸ ಸಿಗಲಿಲ್ಲ, ಸ್ಕೂಲ್ ಮುಗಿದ ಮೇಲೆ ಇಂಡಿಯಾಕ್ಕೆ ಹೋಗುತ್ತಿದ್ದೇವೆ, ಅಲ್ಲೇ ಇರುವುದು, ಮತ್ತೆ ಇಲ್ಲಿಗೆ ಬರುವುದು ಗೊತ್ತಿಲ್ಲ. ಚಮಚವನ್ನು ಬಟ್ಟಲಲ್ಲಿ ಮುಳುಗಿಸಿ ಹಾಗೇ ಹಿಡಿದುಕೊಂಡಿದ್ದಳು. ಅಳುತ್ತಾಳೆ, ಕೂಗಾಡುತ್ತಾಳೆ ಎಂದು ಕಾದೆ. ಅವಳು ಮೊದಲು ಕೇಳಿದ್ದೇನು ಗೊತ್ತಾ?

"ಸೋ, ಇದನ್ನ ಯಾರಿಗೆ ಹೇಳಬಾರ್ದು?"

ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತೆ, ಅಮ್ಮ.

"ಯಾರಿಗೆ ಬೇಕಾದ್ರೂ ಹೇಳು" ಎಂದೆ.

"ಎನಿಬಡಿ?"

"ಎನಿಬಡಿ."

ಬ್ಯಾಗ್ ಹೆಗಲಿಗೇರಿಸಿಕೊಂಡು ಹೋದಳು. ಪಾಪುವನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತು ನೋಡಿದೆ. ಬಸ್‌ಸ್ಟಾಪಿನಲ್ಲಿ ತನ್ನ ಗೆಳತಿಯ ಬ್ಯಾಗಿನ ಪಟ್ಟಿ ಹಿಡಿದು ಎಳೆದೆಳೆದು ಹೇಳುತ್ತಿದ್ದಳು. ಆ ಹುಡುಗಿ ಬಾಯಿ ತೆರೆದು ನಿಂತಳು. ಇಬ್ಬರೂ ತಬ್ಬಿಕೊಂಡು ಅತ್ತರು. ನಾಯಿ ಕರೆದುಕೊಂಡು ಹೋಗುತ್ತಿದ್ದ ಪಕ್ಕದ ಮನೆಯಾಕೆಗೂ ಹೇಳಿದಳು. ಸ್ಕೂಲ್ ಬಸ್ ಬಂತು, ಅದರ ಕೆಂಪು ದೀಪ ಮಿನುಗುತ್ತಿದ್ದರಿಂದ ಎರಡೂ ಕಡೆ ಕಾರುಗಳು ಸಾಲಾಗಿ ನಿಂತವು. ಮೇಘು ಮೆಟ್ಟಿಲ ಮೇಲೆ ನಿಂತು ಕಣ್ಣೊರೆಸಿಕೊಳ್ಳುತ್ತಾ, ಕೈ ಬೀಸಿಕೊಂಡು, ಡ್ರೈವರಿಗೂ ಎಲ್ಲವನ್ನೂ ಹೇಳುತ್ತಿದ್ದಳು. ಆತ ಬಾಗಿಲು ಹಾಕದೆ ಕೇಳಿಸಿಕೊಳ್ಳುತ್ತಿದ್ದ.

ನಿನಗೆ ಹೇಳುವುದೊಂದು ನನ್ನ ಪಾಲಿಗೆ ಉಳಿದಿತ್ತು. ಜೂನ್ ಕೊನೆಗೆ ಬರುತ್ತಿದ್ದೇವೆ, ಅಮ್ಮ. ನಾಲ್ಕೂ ಜನ.

ವಾಣಿ