ಎರಡನೆಯ ಬೀಪ್

ತಮ್ಮಾ,

ಅಪ್ಪನ ಮಾತಿನ ಯಂತ್ರವನ್ನು ಒರೆಸಿ, ಡಬ್ಬಕ್ಕೆ ಹಾಕಿ ನಿನ್ನ ಅಂಗಡಿಗೆ ಕಳಿಸು ಅಂದಿದ್ದೆಯಲ್ಲ, ಕಳಿಸುತ್ತಿಲ್ಲ. ಪಾರ್ಶ್ವವಾಯು ಬಡಿದು ಮಲಗಿರುವ ಆ ಬಡಗಿಗೆ ಇದನ್ನು ಕೊಡುತ್ತೇನೆಂದು ಅವನ ಹೆಂಡತಿಗೆ ನೀನು ಮಾತು ಕೊಟ್ಟಿದ್ದೀಯ, ಗೊತ್ತು. ಸಿಟ್ಟು ಮಾಡಿಕೊಳ್ಳುವ ಮುಂಚೆ ಇದನ್ನು ಪೂರ್ತಿ ಓದು. ಫೋನಿನಲ್ಲಿ ಹೇಳೋಣವೆಂದರೆ ಅರ್ಧಕ್ಕೇ ಬಾಯಿ ಹಾಕುತ್ತೀಯ. ಅದೊಂದು ಅಪ್ಪನಿಂದ ಬಂದ ಆಸ್ತಿ.

ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ಮನುಷ್ಯ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಲೇ ನಮ್ಮಿಬ್ಬರನ್ನೂ ಸಾಕಿದ. ಅಂಥವನಿಗೆ ಕೈಕಾಲು, ನಾಲಿಗೆ ಎಲ್ಲ ಸ್ವಾಧೀನ ತಪ್ಪಿ ಕೊನೆಗೆ ಉಳಿದದ್ದು ಎಡಗೆನ್ನೆಯ ಒಂದು ಮಿಸುಕಾಟ. ನೀನು ಆ ಕೆನ್ನೆಗೆ ಒಂದು ಗುಂಡಿ ಕಟ್ಟಿ, ಅದರ ತಂತಿಯನ್ನು ಹಳೆ ಕಂಪ್ಯೂಟರಿನಲ್ಲಿ ಪ್ರಿಂಟರ್ ಸಿಕ್ಕಿಸುವ ಪೋರ್ಟಿಗೆ ಸೇರಿಸಿದೆ. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತಿದ್ದವು, ಬೇಕಾದದ್ದು ಬಂದಾಗ ಅಪ್ಪ ಕೆನ್ನೆ ಒತ್ತುತ್ತಿದ್ದ, ಬೀಪ್ ಅನ್ನುತ್ತಿತ್ತು. ಅಷ್ಟು ದಿನದ ಮೌನದ ಮೇಲೆ ಅವನು ಆಡಿದ ಮೊದಲ ಮಾತು ನಿನಗೇ: "ಹೋಗಿ ಸ್ನಾನ ಮಾಡು." ನಾವು ನಕ್ಕು ನಕ್ಕು ಅತ್ತೆವು.

ಆ ಕಂಪ್ಯೂಟರ್ ಸುಟ್ಟು ಹೊಸದು ಬಂದಾಗ ಅಪ್ಪನ ಬಾಯಿ ಮತ್ತೆ ಬಿದ್ದುಹೋಯಿತು. ಹಳೆಯದರಲ್ಲಿ ನಿನ್ನ ಪ್ರೋಗ್ರಾಂ ನೇರವಾಗಿ ಪೋರ್ಟನ್ನು ಮುಟ್ಟುತ್ತಿತ್ತು. ಹೊಸ ಸಿಸ್ಟಮ್ ಯಾರನ್ನೂ ಹತ್ತಿರ ಬಿಡಲಿಲ್ಲ. "ಅಕ್ಕಾ, ಇದು ಅನುಮತಿ ಇಲ್ಲ ಅಂತಲೇ ಸಾಯ್ತಿದೆ," ಎಂದು ನೀನು ತಲೆ ಚಚ್ಚಿಕೊಂಡೆ. ಅಪ್ಪ ನಮ್ಮನ್ನು ನೋಡುತ್ತಾ ಮಲಗಿರುತ್ತಿದ್ದ. ಆ ನೋಟ ತಡೆಯಲಾರದೆ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ. ಕಡೆಗೆ ನೀನು ಸಿಸ್ಟಮ್ಮಿನ ಒಳಗೇ ಸೇರಿ ಬೀಗ ತೆಗೆಯುವ ಇನ್ನೊಂದು ಪುಟ್ಟ ಪ್ರೋಗ್ರಾಂ ಬರೆದೆ. ಅಪ್ಪನಿಗೆ ಮತ್ತೆ ಮಾತು ಬಂತು. ಅವತ್ತು ನಿನ್ನ ಬಗ್ಗೆ ನನಗಾದ ಹೆಮ್ಮೆ ಇವತ್ತಿಗೂ ಹಾಗೇ ಇದೆ. ಮುಂದಿನದನ್ನು ಓದುವಾಗ ಇದನ್ನು ಮರೆಯಬೇಡ.

ಆಸ್ಪತ್ರೆಯ ಆ ಬೆಳಿಗ್ಗೆಗೆ ಬರುತ್ತೇನೆ. ವಾರ್ಡು ಬದಲಾಯಿಸಿದ್ದರು, ನೀನು ಯಂತ್ರವನ್ನು ಆಗತಾನೇ ಶುರು ಮಾಡಿದ್ದೆ. ಒಂದು ಬೀಪ್ ಅಂದರೆ ಹೌದು, ಎರಡು ಅಂದರೆ ಬೇಡ. ಡಾಕ್ಟರಿಗೂ ಅದು ತಿಳಿದಿತ್ತು. ಅವರು ಬಗ್ಗಿ ಕೇಳಿದರು: "ಗಂಟಲಿಗೆ ಕೊಳವೆ ಹಾಕಿದ್ರೆ ಉಸಿರಾಟ ನಡೆಯುತ್ತೆ. ಹಾಕೋಣ್ವಾ ಯಜಮಾನ್ರೇ?" ಒಂದು ಬೀಪ್ ಬಂತು. ಅದರ ಬೆನ್ನಿಗೇ ಇನ್ನೊಂದು. ನಾವಿಬ್ಬರೂ ಅಪ್ಪನ ಕಣ್ಣು ನೋಡುತ್ತಿದ್ದೆವು, ಕೆನ್ನೆಯನ್ನಲ್ಲ. ಡಾಕ್ಟರು ಇನ್ನೊಮ್ಮೆ ಕೇಳಲು ಹೋದಾಗ ನೀನೇ ತಡೆದೆ: "ಬೇಡ ಅಂದಾಯ್ತಲ್ಲ ಡಾಕ್ಟ್ರೇ. ಪದೇ ಪದೇ ಕೇಳಿ ಯಾಕೆ ಹಿಂಸೆ ಕೊಡ್ತೀರ?" ನನಗೂ ಅದೇ ಸರಿ ಅನ್ನಿಸಿತು, ಇನ್ನು ಹಿಂಸೆ ಬೇಡವೆಂದು ಕೆನ್ನೆಯ ಗುಂಡಿಯನ್ನೂ ಬಿಚ್ಚಿಟ್ಟೆ. ಸಂಜೆಯೊಳಗೆ ಎಲ್ಲ ಮುಗಿಯಿತು.

ಮೊನ್ನೆ ಡಬ್ಬಕ್ಕೆ ಹಾಕುವ ಮುಂಚೆ ಸರಿಯಿದೆಯೋ ನೋಡೋಣವೆಂದು ಯಂತ್ರ ಹಾಕಿದೆ. ಕೆನ್ನೆಯ ಗುಂಡಿ ಮೇಜಿನ ಮೇಲೆ ಬಿದ್ದಿತ್ತು, ನಾನು ಕೈಯಲ್ಲಿ ಬಟ್ಟೆ ಹಿಡಿದು ದೂರ ನಿಂತಿದ್ದೆ. ಬೀಪ್ ಅಂದಿತು. ಗುಂಡಿಯನ್ನು ಯಾರೂ ಮುಟ್ಟಿರಲಿಲ್ಲ. ಆರಿಸಿ ಮತ್ತೆ ಹಾಕಿದೆ. ಸ್ವಲ್ಪ ತಡೆದು ಮತ್ತೆ ಅಂದಿತು. ಪ್ರತಿ ಸಲವೂ ಅದೇ ಗಳಿಗೆಗೆ ಪರದೆಯ ಮೂಲೆಯಲ್ಲಿ ಒಂದು ಸಾಲು ಬರುತ್ತದೆ: ಪ್ರಿಂಟರ್ ಉತ್ತರಿಸುತ್ತಿಲ್ಲ. ಅಲ್ಲಿ ಪ್ರಿಂಟರ್ ಇದೆಯೆಂದೇ ಸಿಸ್ಟಮ್ ಇನ್ನೂ ನಂಬಿಕೊಂಡಿದೆ ಕಣೋ. ಶುರುವಾದಾಗಲೆಲ್ಲ ಆ ಪೋರ್ಟಿನಲ್ಲಿ ಇದ್ದೀಯಾ ಎಂದು ಕೇಳುತ್ತದೆ. ಆ ಕೇಳುವ ತಂತಿಯಿಂದಲೇ ನೀನು ಗುಂಡಿಗೆ ಕರೆಂಟು ತೆಗೆದುಕೊಂಡಿದ್ದೀಯ. ನೀನು ಬೀಗ ತೆಗೆದದ್ದೇನೋ ನಿಜ, ಆದರೆ ಸಿಸ್ಟಮ್ ತಾನು ಅಲ್ಲಿ ಓಡಾಡುವುದನ್ನು ಬಿಟ್ಟಿರಲಿಲ್ಲ. ಅದರ ಕೂಗನ್ನೂ ಯಂತ್ರ ಕೆನ್ನೆಯ ಲೆಕ್ಕಕ್ಕೇ ಸೇರಿಸುತ್ತದೆ. ಅವತ್ತು ಆಸ್ಪತ್ರೆಯಲ್ಲೂ ಯಂತ್ರ ಆಗತಾನೇ ಶುರುವಾಗಿತ್ತು.

ಈ ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸಾಯೋಣ ಅಂದುಕೊಂಡಿದ್ದೆ. ಅಪ್ಪನೇ ಬೇಡ ಅಂದ, ನಾವಲ್ಲ ಎಂಬ ಒಂದು ನೆಮ್ಮದಿ ನಿನಗಿತ್ತು. ಆದರೆ ಆ ಬಡಗಿಯನ್ನೂ ನಾಳೆ ಯಾರೋ ಬಗ್ಗಿ ಏನಾದರೂ ಕೇಳುತ್ತಾರೆ. ಮೊದಲು ಬಂದು ಆ ತಂತಿ ಬೇರೆ ಮಾಡು. ಕೆನ್ನೆ ನೋಡಿಕೊಂಡು ಕೇಳಬೇಕು, ಎರಡೆರಡು ಸಲ ಕೇಳಬೇಕು ಎಂದು ಅವನ ಹೆಂಡತಿಗೆ ನೀನೇ ಹೇಳು.

ಅಪ್ಪ ಎರಡು ಸಲವೂ ತಾನೇ ಒತ್ತಿರಬಹುದು. ಅದು ಇನ್ನು ಯಾರಿಗೂ ತಿಳಿಯುವುದಿಲ್ಲ. ಒಂದೇ ಸಲ ಒತ್ತಿದ್ದರೆ, ಸಂಜೆಯವರೆಗೂ ಅವನು "ಹೌದು ಅಂದೆನಲ್ಲ, ಇವರೇಕೆ ಸುಮ್ಮನೆ ಕೈ ಹಿಡಿದು ಕೂತಿದ್ದಾರೆ" ಎಂದು ನಮ್ಮನ್ನು ನೋಡುತ್ತಿದ್ದ.

ಬಾ. ಒಬ್ಬನೇ ಇರಬೇಡ. ಸುಖವಾಗಿ ಬಾಳು ಎಂದು ಹರಸಲು ಕೈ ಬರುತ್ತಿಲ್ಲ. ಬಾಳು, ಅಷ್ಟು ಸಾಕು.

ನಿನ್ನ ಅಕ್ಕ